ಅಪ್‌ಡೇಟ್: ಮಾವ ಕುಡಿತ ಬಿಟ್ಟ ಮೇಲೆ ಕೈ ನಡುಗುತ್ತಿತ್ತು ಅಂತ ಕೇಳಿದ್ದೆ

ದಿನಾ ಎರಡು ಕ್ವಾರ್ಟರ್ ಕುಡಿಯುತ್ತಿದ್ದ ಸೋದರಮಾವ ಒಮ್ಮೆಲೇ ಬಿಟ್ಟಿದ್ದಾರೆ, ಕೈ ನಡುಕ, ಬೆವರು, ಮನೆಯಲ್ಲೇ ಸರಿಹೋಗುತ್ತಾ ಅಂತ ಕೇಳಿದ್ದೆ. "ಕಾಯಬೇಡಿ, ಆಸ್ಪತ್ರೆಗೆ ಹೋಗಿ" ಅಂದವರಿಗೆಲ್ಲ ಥ್ಯಾಂಕ್ಸ್.

ನಾವು ಕಾದೆವು. ತಪ್ಪಾಯಿತು. ಮೂರನೇ ರಾತ್ರಿ ಮಾವ ಗೋಡೆ ಮೇಲೆ ಇರುವೆ ಹರಿಯುತ್ತಿವೆ ಅಂತ ಒರೆಸತೊಡಗಿದರು. ಇರುವೆ ಇರಲೇ ಇಲ್ಲ. ಅತ್ತೆ ದೆವ್ವ ಅಂದರು, ತಾಯತದ ಮಾತೂ ಬಂತು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು.

ಡಾಕ್ಟರ್ ಹೇಳಿದ್ದು: ವರ್ಷಗಟ್ಟಲೆ ಕುಡಿದ ಮಿದುಳು ಮದ್ಯಕ್ಕೆ ಒಗ್ಗಿರುತ್ತದೆ. ತಟ್ಟನೆ ನಿಲ್ಲಿಸಿದರೆ ಕೆರಳುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯೊಳಗೆ ಹೀಗೆ ಭ್ರಮೆ, ಗೊಂದಲ ಶುರುವಾಗಬಹುದು, ಜೀವಕ್ಕೇ ಅಪಾಯ. ಥಯಮಿನ್ (ಬಿ1) ಇಂಜೆಕ್ಷನ್ ಕೊಟ್ಟರು. ನಡುಕದ ಮಾತ್ರೆಯನ್ನು ದಿನದಿನಕ್ಕೆ ಕಡಿಮೆ ಮಾಡಿದರು.

ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ (ಲಿವರ್‌ನಲ್ಲಿ ಕೊಬ್ಬು). ಸಿರೋಸಿಸ್ (ಲಿವರ್ ಗಟ್ಟಿಯಾಗಿ ಹಾಳಾಗುವುದು) ಆಗಿಲ್ಲ, ಈಗ ಬಿಟ್ಟರೆ ಸುಧಾರಿಸುತ್ತದಂತೆ. ಅಂದಹಾಗೆ, ಒಂದು ಕ್ವಾರ್ಟರ್ ಅಂದರೆ 180 ಎಂಎಲ್, ಅಂದರೆ 30 ಎಂಎಲ್‌ನ ಆರು ಸಣ್ಣ ಪೆಗ್. ನಾವು "ಸುಮ್ನೆ ಸ್ವಲ್ಪ" ಅನ್ನುತ್ತಿದ್ದೆವು!

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅತ್ತೆಯೇ ಫೋನ್ ಮಾಡಿದರು, ಅಲ್ಲಿಯವರು ಕನ್ನಡದಲ್ಲೇ ಮಾತಾಡಿದರು. ಮಾವ ಕುಡಿತ ಬಿಟ್ಟು ಇವತ್ತಿಗೆ 26 ದಿನ. ಸಂಜೆ ಏಳಾದರೆ ಮಾವ ಚಡಪಡಿಸುತ್ತಾರೆ, ಚಹಾ ಜಾಸ್ತಿ ಆಗಿದೆ.