ಫಿಲಿಪಿನೋ ಮನೆಯಡುಗೆ: ಹಡಗಿನ ಅಡುಗೆಯವರನ್ನು ಕೇಳಿ

ಪ್ರಶ್ನೆ (ಶಾರ್ಜಾದಿಂದ): ಅಣ್ಣ, ನಮಸ್ಕಾರ. ನಾನು ನರ್ಸ್. ಫಿಲಿಪೀನ್ಸ್‌ನ ಗೆಳತಿಯೊಬ್ಬಳು ನಮ್ಮ ಫ್ಲ್ಯಾಟ್‌ನಲ್ಲೇ ಇದ್ದಳು. ನೈಟ್ ಡ್ಯೂಟಿ ಮುಗಿಸಿ ಬಂದಾಗ ಅವಳು ಮಾಡಿಟ್ಟ ಹುಳಿ ಸೂಪು ಸಿನಿಗಾಂಗ್, ಬಿಸಿ ಅನ್ನ ಸಿಗುತ್ತಿತ್ತು. ಈಗ ಅವಳು ಕೆನಡಾಕ್ಕೆ ಹೋಗಿದ್ದಾಳೆ. ಅಂಗಡಿಯ ಪ್ಯಾಕೆಟ್ ಪುಡಿ ನನಗೆ ಉಪ್ಪು ಜಾಸ್ತಿ ಅನ್ನಿಸುತ್ತದೆ. ನಾನು ಹಂದಿ ತಿನ್ನುವುದಿಲ್ಲ. ನಾನೇ ಮಾಡಿಕೊಳ್ಳುವುದು ಹೇಗೆ?

ಉತ್ತರ: ತಂಗಿ, ಪುಡಿ ಬೇಡ. ಹುಣಸೆಹಣ್ಣು ಇದ್ದರೆ ಸಾಕು. ನಮ್ಮ ಹಡಗುಗಳಲ್ಲಿ ಫಿಲಿಪಿನೋ ನಾವಿಕರೇ ಜಾಸ್ತಿ, ಅವರ ಊಟ ನಾನು ಅವರಿಂದಲೇ ಕಲಿತದ್ದು.

ಅಕ್ಕಿ ತೊಳೆದ ಎರಡನೇ ನೀರನ್ನು ಚೆಲ್ಲಬೇಡಿ. ಸೂಪಿಗೆ ಅದೇ ನೀರು, ಅವರ ಮನೆಗಳಲ್ಲೂ ಹಾಗೇ. ಈರುಳ್ಳಿ, ಟೊಮೆಟೊ, ಮೂಲಂಗಿ, ಒಂದು ತುಂಡು ಕೆಸುವಿನ ಗಡ್ಡೆ ಹಾಕಿ ಕುದಿಸಿ. ಗಡ್ಡೆ ಬೆಂದು ಸ್ವಲ್ಪ ಕರಗಿದರೆ ಸೂಪು ತಾನೇ ಮಂದ ಆಗುತ್ತದೆ. ಆಮೇಲೆ ಅಲಸಂಡೆ, ಬದನೆ, ಸೀಳದ ಹಸಿಮೆಣಸು, ಕಿವುಚಿ ಸೋಸಿದ ಹುಣಸೆ ರಸ. ಮೀನು ಕೊನೆಗೆ, ಅದು ಬೇಯುವುದು ಬೇಗ. ಅವರ ಬಂಗುಸ್ ಅಂದರೆ ನಮ್ಮ ಕರಾವಳಿಯ ಹೂಮೀನು. ಸಿಗದಿದ್ದರೆ ಸಿಗಡಿ ಹಾಕಿ. ಒಲೆ ಆರಿಸಿದ ಮೇಲೆ ಕಾಂಗ್‌ಕೋಂಗ್ ಸೊಪ್ಪು, ಇಲ್ಲದಿದ್ದರೆ ಪಾಲಕ್.

ಉಪ್ಪಿನ ಬದಲು ಪತಿಸ್ ಹಾಕುತ್ತಾರೆ, ಮೀನನ್ನು ಉಪ್ಪಿನಲ್ಲಿ ಹುದುಗಿಸಿ ತೆಗೆದ ರಸ ಅದು. ಒಂದು ಚಮಚದಿಂದ ಶುರುಮಾಡಿ, ರುಚಿ ನೋಡಿ. ಊಟಕ್ಕೆ ಕೂತಾಗ ಸಣ್ಣ ಬಟ್ಟಲಲ್ಲಿ ಪತಿಸ್, ಜಜ್ಜಿದ ಮೆಣಸು ಇಟ್ಟುಕೊಳ್ಳಿ. ಮೀನನ್ನು ಅದರಲ್ಲಿ ಅದ್ದಿ ತಿನ್ನಬೇಕು. ಅದಿಲ್ಲದೆ ಆ ಊಟ ಪೂರ್ತಿ ಆಗುವುದಿಲ್ಲ.

ಒಗ್ಗರಣೆ, ಅರಿಶಿನ, ಕೊತ್ತಂಬರಿ ಪುಡಿ ಯಾವುದೂ ಬೇಡ. ನಮ್ಮ ಕೈ ತಾನಾಗಿ ಮಸಾಲೆ ಡಬ್ಬಿಗೆ ಹೋಗುತ್ತದೆ, ಅಲ್ವಾ? ದಯವಿಟ್ಟು ತಡೆಯಿರಿ. ಹುಳಿಯೇ ಮುಂದೆ ನಿಲ್ಲಬೇಕಾದ ಅಡುಗೆ ಇದು. ಊರಲ್ಲಿ ಅವರು ಹುಣಸೆ ಬದಲು ಬಿಂಬುಳಿ, ಮಾವಿನಕಾಯಿ, ಪೇರಳೆಯನ್ನೂ ಹಾಕುತ್ತಾರೆ.

ಪ್ರಶ್ನೆ (ಅದೇ ತಂಗಿ): ತುಂಬಾ ಥ್ಯಾಂಕ್ಸ್ ಅಣ್ಣ. ರಜೆಯ ದಿನ ಮಾಡಿಟ್ಟು ಡ್ಯೂಟಿಗೆ ಒಯ್ಯುವಂಥದ್ದು ಏನಾದರೂ?

ಉತ್ತರ: ಕೋಳಿ ಅದೋಬೋ. ಒಂದು ಕೆಜಿ ಕೋಳಿಗೆ ಅರ್ಧ ಕಪ್ ವಿನೆಗರ್, ಅರ್ಧ ಕಪ್ ಸೋಯಾ ಸಾಸ್, ಒಂದು ಇಡೀ ಗಡ್ಡೆ ಬೆಳ್ಳುಳ್ಳಿ, ಎರಡು ಮೂರು ಪಲಾವ್ ಎಲೆ, ಒಂದು ಚಮಚ ಇಡಿ ಕಾಳುಮೆಣಸು, ಸ್ವಲ್ಪ ನೀರು. ಎಲ್ಲ ಒಟ್ಟಿಗೆ ಒಲೆಗಿಡಿ. ವಿನೆಗರ್ ಕುದಿದು ಹಸಿ ಘಾಟು ಹೋಗುವ ತನಕ ಸೌಟು ಹಾಕಬಾರದು ಅಂತ ಅವರ ಮನೆಯ ಹಿರಿಯರು ಹೇಳುತ್ತಾರೆ. ಆಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು. ಮಾರನೇ ದಿನ ರುಚಿ ಇನ್ನೂ ಚೆನ್ನಾಗಿರುತ್ತದೆ. ಹುಳಿ, ಉಪ್ಪು ಎರಡೂ ಇದ್ದರೂ ಫ್ರಿಜ್‌ನಲ್ಲೇ ಇಡಿ, ಗಲ್ಫಿನ ಸೆಕೆಯಲ್ಲಿ ಹೊರಗೆ ಬಿಡಬೇಡಿ. ಊರಿಂದ ಯಾರಾದರೂ ತೆಂಗಿನ ಕಳ್ಳಿನ ವಿನೆಗರ್ ತಂದುಕೊಟ್ಟರೆ ಅದನ್ನೇ ಹಾಕಿ. ಫಿಲಿಪೀನ್ಸ್‌ನಲ್ಲೂ ತೆಂಗಿನ ಕಳ್ಳಿಂದ ವಿನೆಗರ್ ಮಾಡುತ್ತಾರೆ.

ಪ್ರಶ್ನೆ (ಮತ್ತೊಬ್ಬರು, ದೋಹಾದಿಂದ): ಸರ್, ನಾವು ಸಸ್ಯಾಹಾರಿಗಳು. ನಮಗೇನೂ ಇಲ್ವಾ?

ಉತ್ತರ: ಇದೆ ಸರ್, ಮೊಂಗೋ. ಹೆಸರುಕಾಳಿನ ಅಡುಗೆ, ಕ್ರೈಸ್ತರ ಉಪವಾಸದ ಶುಕ್ರವಾರಗಳಲ್ಲಿ ಅಲ್ಲಿ ಬಹಳ ಮನೆಗಳಲ್ಲಿ ಮಾಡುತ್ತಾರೆ. ಸಾಮಾನ್ಯವಾಗಿ ಸಿಗಡಿ, ಒಣಮೀನು ಹಾಕುತ್ತಾರೆ, ಬಿಟ್ಟರೂ ನಡೆಯುತ್ತದೆ. ಕಾಳು ಒಡೆಯುವ ಹಾಗೆ ಬೇಯಿಸಿ. ಬೆಳ್ಳುಳ್ಳಿ, ಈರುಳ್ಳಿ, ಟೊಮೆಟೊ ಬಾಡಿಸಿ ಸೇರಿಸಿ. ಉಪ್ಪು, ಚೂರು ಸೋಯಾ ಸಾಸ್. ಇಳಿಸುವಾಗ ಒಂದು ಹಿಡಿ ನುಗ್ಗೆಸೊಪ್ಪು. ಅನ್ನದ ಜೊತೆ ಬಿಸಿಬಿಸಿ ತಿನ್ನಿ.