ಜರ್ಮನಿಯಲ್ಲಿ ಎಂ.ಎಸ್.: ಕೈಯಲ್ಲಿ 6 ಲಕ್ಷ ಇದ್ದರೆ ಮಗಳನ್ನು ಕಳಿಸಬಹುದಾ?

ಚನ್ನಗಿರಿ ಅಪ್ಪ: ಮಗಳು ಮೆಕ್ಯಾನಿಕಲ್ ಬಿ.ಇ. ಕೊನೇ ವರ್ಷ. ಜರ್ಮನಿಗೇ ಹೋಗಬೇಕು ಅಂತ ಹಟ ಹಿಡಿದಿದ್ದಾಳೆ. ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕೈಯಲ್ಲಿ 6 ಲಕ್ಷ ಇದೆ, ಒಂದು ಸೈಟ್ ಇದೆ. ಮಕ್ಕಳನ್ನು ಕಳಿಸಿದವರು ಅನುಭವ ಹೇಳಿ.

ತಿಪಟೂರು ತೋಟ: ಸರ್, 2024ರಲ್ಲಿ ಮಗನನ್ನು ಕಳಿಸಿದೆ. ಜರ್ಮನ್ ವೀಸಾಕ್ಕೆ ಮೊದಲು ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸುವ ಎಪಿಎಸ್‌ಗೆ 18,000 ಹೋಯಿತು, ಅದಿರಲಿ. ಸುಸ್ತು ಮಾಡಿದ್ದು ಬ್ಲಾಕ್ಡ್ ಅಕೌಂಟ್, ಅಂದರೆ ಅಲ್ಲಿನ ಒಂದು ವರ್ಷದ ಖರ್ಚನ್ನು ವೀಸಾಕ್ಕೆ ಮೊದಲೇ ತುಂಬಿ ತೋರಿಸಬೇಕಾದ ಖಾತೆ. ಜುಲೈನಲ್ಲಿ 11,208 ಯೂರೋ ತುಂಬಿದ್ದೆವು. ವೀಸಾ ಸ್ಲಾಟ್ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಆ ತಿಂಗಳ 1ರಿಂದಲೇ ಮೊತ್ತ 11,904 ಆಗಿತ್ತು. ಉಳಿದ 696 ಯೂರೋ ಕೇಳಿದರೆ ಬ್ಯಾಂಕಿನವರು ಮಂಜೂರಾದ ಸಾಲದ ಮೇಲೆ ಒಂದು ರೂಪಾಯಿ ಕೊಡಲ್ಲ ಅಂದರು. ಹೆಂಡತಿಯ ಬಳೆ ಅಡವಿಟ್ಟೆ. ಅದಕ್ಕೂ ಮೊದಲು ತೋಟದ ಪಹಣಿ ಹಿಡಿದು ಹೋಗಿದ್ದೆ. ಕೃಷಿ ಜಮೀನು ನಡೆಯಲ್ಲ ಅಂದರು. ಆಮೇಲೆ ಸೈಟಿಗೆ ಇ-ಖಾತಾ, ಇ.ಸಿ. (ಋಣಭಾರ ಪತ್ರ), ಲೀಗಲ್ ಒಪಿನಿಯನ್, ವ್ಯಾಲ್ಯುಯೇಷನ್. ಸಾಲ ಕೈಗೆ ಬರುವ ಮೊದಲೇ 14,500 ಖಾಲಿ.

ಕುಂದಾಪುರ ಹುಡುಗಿ: ಬ್ಲಾಕ್ಡ್ ಅಕೌಂಟ್ ದುಡ್ಡು ಖರ್ಚು ಅಲ್ಲ ಅಂಕಲ್. ತಿಂಗಳಿಗೆ 992 ಯೂರೋ ನಿಮ್ಮ ಮಗನ ಕೈಗೇ ಬರುತ್ತದೆ. ನಿಜವಾದ ಪೆಟ್ಟು ನನಗೆ ಬಿದ್ದಿದ್ದು. ಜರ್ಮನಿಯಲ್ಲಿ ಫೀಸೇ ಇಲ್ಲ ಅಂತ ಏಜೆಂಟ್ ಹೇಳಿದ್ದ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ 2017ರಿಂದಲೇ ಸೆಮಿಸ್ಟರ್‌ಗೆ 1,500 ಯೂರೋ ಇದೆ. ಆಫರ್ ಲೆಟರ್ ಬಂದ ಮೇಲೆ ಗೊತ್ತಾಯಿತು. ನಾಲ್ಕು ಸೆಮಿಸ್ಟರ್‌ಗೆ 6,000! ಪಾಠ ಇಂಗ್ಲಿಷಿನಲ್ಲಿ, ಕೆಲಸಕ್ಕೆ ಮಾತ್ರ ಜರ್ಮನ್ ಬೇಕು. ಬಿ2 ಮಟ್ಟದ ಜರ್ಮನ್ (ಸರಾಗವಾಗಿ ಮಾತಾಡುವಷ್ಟು) ಇಲ್ಲದೆ ಇಂಟರ್ನ್‌ಶಿಪ್‌ಗೆ 83 ಅರ್ಜಿ ಹಾಕಿದೆ. ಒಂದೂ ಆಗಲಿಲ್ಲ. ಬೆಳಗಿನ ಜಾವ 3ಕ್ಕೆ ಎದ್ದು ಗೋದಾಮಿನಲ್ಲಿ ಪಾರ್ಸೆಲ್ ಎತ್ತಿದ್ದೇನೆ.

ತಿಪಟೂರು ತೋಟ: ಖರ್ಚಲ್ಲ ಅಂದರೆ ಬಡ್ಡಿ ಯಾರು ಕಟ್ಟುವುದಮ್ಮ? ದುಡ್ಡು ತುಂಬಿದ ದಿನದಿಂದಲೇ ಓಡುತ್ತಿದೆ.

ಕಲಬುರಗಿ: ಸಾಲ ಒಂದೇ ದಾರಿ ಅಲ್ಲ. ನಾನು ಎಸ್‌ಸಿ, ಅಪ್ಪ ಹಮಾಲಿ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ನಲ್ಲಿ ಇಂಗ್ಲೆಂಡಿಗೆ ಹೋಗಿ ಎಂ.ಎಸ್‌ಸಿ. ಮುಗಿಸಿದೆ. ಮನೆ ಆದಾಯ 8 ಲಕ್ಷದೊಳಗೆ ಇರಬೇಕು, ಡಿಗ್ರಿಯಲ್ಲಿ 60 ಪರ್ಸೆಂಟ್ ಬೇಕು. ಮೊದಲ ಸಲ ಆಯ್ಕೆ ಆಗಲಿಲ್ಲ. ಒಂದು ವರ್ಷ ಟ್ಯೂಷನ್ ಹೇಳಿ ಮತ್ತೆ ಹಾಕಿದೆ.

ಮೈಸೂರು ನಿವೃತ್ತ: ನಿಮಗೇನು, ಸರ್ಕಾರ ಕೊಟ್ಟಿತು. ಕಟ್ಟಿ ಸಾಯುವವರು ನಾವು.

ಕಲಬುರಗಿ: "ನಿಮಗೇನು" ಅನ್ನಬೇಡಿ ಸರ್. ಇಡೀ ದೇಶಕ್ಕೆ ವರ್ಷಕ್ಕೆ 125 ಜಾಗ. ನಮ್ಮ ಕಾಲೇಜಿನಲ್ಲಿ ಇದರ ಹೆಸರು ಹೇಳಿದ ಒಬ್ಬ ಮೇಷ್ಟ್ರೂ ಇರಲಿಲ್ಲ. ಸೈಬರ್ ಸೆಂಟರ್‌ನಲ್ಲಿ ಬೇರೆ ಅರ್ಜಿ ತುಂಬಿಸುವಾಗ ಕಣ್ಣಿಗೆ ಬಿತ್ತು. ಮೊದಲೇ ಗೊತ್ತಿದ್ದರೆ ಎರಡು ವರ್ಷ ಉಳಿಯುತ್ತಿತ್ತು. ನನ್ನ ಹಾಗೆ ಗೊತ್ತಾಗದೆ ಊರಲ್ಲೇ ಉಳಿದವರು ಎಷ್ಟು ಜನ!

ಮೈಸೂರು ನಿವೃತ್ತ: ನಾನು ಜಾತಿ ಎತ್ತಲಿಲ್ಲ. ಮಗನಿಗೆ 38 ಲಕ್ಷ ಸಾಲ ಮಾಡಿದೆ. ಅಲ್ಲಿ ಕೆಲಸ ಸಿಗದೆ ವಾಪಸ್ ಬಂದ. ತಿಂಗಳ ಕಂತು 52,000. ಅರ್ಧಕ್ಕಿಂತ ಜಾಸ್ತಿ ನನ್ನ ಪೆನ್ಷನ್‌ನಲ್ಲೇ ಹೋಗುತ್ತದೆ.

ಕಲಬುರಗಿ: ಅದು ನನಗೂ ನೋವೇ ಸರ್. ಆದರೆ ಅದನ್ನು ನನ್ನ ಮೇಲೆ ಯಾಕೆ ಹಾಕುತ್ತೀರಿ?

ಚನ್ನಗಿರಿ ಅಪ್ಪ: ಹಾಗಾದರೆ ಸೈಟಿನ ಇ-ಖಾತಾ ಮೊದಲು ಮಾಡಿಸಲಾ?

ತಿಪಟೂರು ತೋಟ: ನಾಳೆಯೇ ಹೋಗಿ. ನನ್ನದು ಏಳು ವಾರ ಹಿಡಿಯಿತು.

ಕುಂದಾಪುರ ಹುಡುಗಿ: ಖಾತಾ ಆಮೇಲೆ ಅಂಕಲ್. ಮಗಳನ್ನು ಈ ತಿಂಗಳೇ ಜರ್ಮನ್ ಕ್ಲಾಸಿಗೆ ಸೇರಿಸಿ.

ತಿಪಟೂರು ತೋಟ: ಖಾತಾ ಇಲ್ಲದೆ ಸಾಲ ಯಾರು ಕೊಡುತ್ತಾರೆ?