ವಾಷಿಂಗ್ ಮಷೀನ್ ಜೊತೆ ಪುಸ್ತಕವೇ ಇಲ್ಲ, ಬರೀ ಕ್ಯೂಆರ್ ಚೀಟಿ. ಕೇಳಿದರೆ ಮುದ್ರಿತ ಮ್ಯಾನ್ಯುಯಲ್ ಕೊಡುತ್ತಾರಾ?

ಹೊಳೆಬದಿ_ಮನೆ:

ಪ್ರಶ್ನೆ ಚಿಕ್ಕದು, ಸಿಟ್ಟು ಉದ್ದ. ಪುರಸೊತ್ತಿದ್ದವರು ಪೂರ್ತಿ ಓದಿ.

ನಮ್ಮದು ಹೊಸನಗರ ತಾಲೂಕಿನ ಒಂದು ಒಂಟಿಮನೆ. ಅಡಿಕೆ ಸುಗ್ಗಿ ಶುರುವಾಗುವ ಹೊತ್ತಿಗೇ ಹಳೇ ಸೆಮಿ ಆಟೋಮ್ಯಾಟಿಕ್ ಮಷೀನ್ ಕೈಕೊಟ್ಟಿತು. ದೀಪಾವಳಿ ಆಫರಿನಲ್ಲಿ ಫ್ರಂಟ್ ಲೋಡ್ ಒಂದನ್ನು ತಂದೆವು. ಕಂಪನಿ ಹೆಸರು ಬರೆಯುವುದಿಲ್ಲ. ಫಿಟ್ ಮಾಡುವ ಹುಡುಗ ಬಂದ, ಹಿಂದಿನ ಬೋಲ್ಟ್ ಬಿಚ್ಚಿದ, ಪೈಪ್ ಜೋಡಿಸಿದ, ಒಂದು ಸಲ ಖಾಲಿ ಓಡಿಸಿದ, ಸಹಿ ಹಾಕಿಸಿಕೊಂಡು ಹೊರಟ. ಪುಸ್ತಕ ಎಲ್ಲಪ್ಪಾ ಅಂದರೆ ಅಂಗೈಯಗಲದ ಒಂದು ಕಾರ್ಡ್ ಕೊಟ್ಟ. ಒಂದು ಬದಿ ಕ್ಯೂಆರ್ ಕೋಡ್. ಇನ್ನೊಂದು ಬದಿ ಹಸಿರು ಎಲೆಯ ಚಿತ್ರ, ಕಾಗದ ಉಳಿಸೋಣ ಅನ್ನುವ ಅರ್ಥದ ಎರಡು ಸಾಲು. ನಮ್ಮ ಮನೆ ಸುತ್ತ ಮರಕ್ಕೇನೂ ಬರ ಇಲ್ಲ. ಇಲ್ಲದಿರುವುದು ನೆಟ್‌ವರ್ಕ್.

ಮಷೀನ್ ಓಡಿಸುವವರು ನಮ್ಮ ಅತ್ತೆ. ನಾನು ಬೆಳಿಗ್ಗೆ ಸೊಸೈಟಿ ಕೆಲಸಕ್ಕೆ ಹೋದರೆ ಮನೆ ಸೇರುವುದು ಸಂಜೆ. ಅತ್ತೆಯ ಹತ್ತಿರ ಇರುವುದು ಬಟನ್ ಫೋನ್. ಆದರೆ ಚಿತ್ರ ಇರುವ ಪುಸ್ತಕ ಕೊಟ್ಟರೆ ಎಂಥ ಯಂತ್ರವನ್ನೂ ಅರ್ಥ ಮಾಡಿಕೊಳ್ಳುತ್ತಾರೆ. ಹಳೇ ಮಷೀನಿನ ಪುಸ್ತಕದ ಅಂಚಿನಲ್ಲೆಲ್ಲ ಅವರ ಪೆನ್ಸಿಲ್ ಬರಹ ಇದೆ. ಕಂಬಳಿ ಹಾಕಿದರೆ ಎಷ್ಟು ನೀರು, ಅಡಿಕೆ ಚೊಗರಿನ (ಅಡಿಕೆ ಬೇಯಿಸಿದ ಕಪ್ಪು ರಸ) ಕಲೆಯ ಬಟ್ಟೆ ಯಾವಾಗಲೂ ಬೇರೆ, ಸ್ಪಿನ್ನರ್ ಬ್ರೇಕ್ ವೈರ್ ಬದಲಾಯಿಸಿದ ತಾರೀಖು. ಆ ಮಷೀನಿನ ಬೆನ್ನಿಗೆ ವೈರಿಂಗ್ ನಕ್ಷೆ ಕೂಡ ಅಂಟಿಸಿದ್ದರು. ಊರಿನ ಎಲೆಕ್ಟ್ರಿಷಿಯನ್ ಅದನ್ನು ನೋಡಿಕೊಂಡೇ ಟೈಮರ್ ಬದಲಾಯಿಸಿದ್ದ.

ಹೊಸದು ಒಂದು ದಿನ ಅರ್ಧಕ್ಕೆ ನಿಂತಿತು. ಪರದೆ ಮೇಲೆ ಎರಡು ಅಕ್ಷರ, ಪೀಂ ಪೀಂ ಸದ್ದು. ಅತ್ತೆ ಲ್ಯಾಂಡ್‌ಲೈನಿನಿಂದ ಫೋನ್ ಮಾಡಿ ಅಕ್ಷರ ಓದಿ ಹೇಳಿದರು. ಕಾರ್ಡಿನ ಫೋಟೊ ನನ್ನ ಹತ್ತಿರ ಇತ್ತು. ಆಫೀಸಿನಲ್ಲಿ ಕೂತು ತೆರೆದೆ. ಮೊದಲು ದೇಶ ಯಾವುದು ಅಂತ ಕೇಳಿತು. ಆಮೇಲೆ ಪೂರ್ತಿ ಮಾಡೆಲ್ ನಂಬರ್ ಹಾಕಿ ಅಂದಿತು. ಅದು ಇರುವುದು ಮಷೀನ್ ಬಾಗಿಲ ಒಳಗೆ, ಮನೆಯಲ್ಲಿ. ಮತ್ತೆ ಫೋನ್ ಮಾಡಿ, ಅತ್ತೆ ಕನ್ನಡಕ ಹುಡುಕಿ, ಅಕ್ಷರ ಒಂದೊಂದಾಗಿ ಹೇಳಿದರು. ಆಮೇಲೆ ಆ್ಯಪ್ ಹಾಕಿಕೊಳ್ಳಿ ಅಂದಿತು. ಆಮೇಲೆ ಓಟಿಪಿ. ಬಟ್ಟೆ ಯಾಕೆ ಒಗೆಯುತ್ತಿಲ್ಲ ಅಂತ ತಿಳಿಯಲು ನನ್ನ ಹುಟ್ಟಿದ ತಾರೀಖು ಯಾಕೆ ಬೇಕು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಕೊನೆಗೆ ಸಿಕ್ಕಿದ ಪಿಡಿಎಫ್ ಹತ್ತಾರು ಮಾಡೆಲಿಗೆ ಸೇರಿ ಒಂದೇ. ಪೂರ್ತಿ ಇಂಗ್ಲಿಷ್. ಚಿತ್ರಕ್ಕೂ ನಿಮ್ಮ ಮಷೀನಿಗೂ ವ್ಯತ್ಯಾಸ ಇರಬಹುದು ಅಂತ ಮೊದಲೇ ಕೈತೊಳೆದುಕೊಂಡಿದ್ದಾರೆ. ನೀರು ಒಳಗೆ ಬರುತ್ತಿಲ್ಲ ಅನ್ನುವುದು ಆ ಅಕ್ಷರದ ಅರ್ಥವಂತೆ. ನಲ್ಲಿ ನೋಡಿ, ಒತ್ತಡ ನೋಡಿ, ಫಿಲ್ಟರ್ ನೋಡಿ. ಎಷ್ಟು ಒತ್ತಡ, ಯಾವ ಫಿಲ್ಟರ್? ಬೇರೆ ಪುಟಕ್ಕೆ ಹೋಗಬೇಕು. ಫೋನಿನಲ್ಲಿ ಎರಡು ಬೆರಳಲ್ಲಿ ಎಳೆದು ಎಳೆದು ಸಾಕಾಯಿತು.

ಹಳೇ ಬಾಕ್ಸಿನಲ್ಲಿ ಮೇಲ್ಹೊದಿಕೆ ಇತ್ತು, ಅಡಿಗೆ ಹಾಕುವ ಇಲಿ ಜಾಲರಿ ಇತ್ತು. ಈಗ ಎರಡಕ್ಕೂ ಬೇರೆ ದುಡ್ಡು. ಅದು ಹೋಗಲಿ, ಹೊದಿಕೆ ನಾವೇ ಹೊಲಿಯುತ್ತೇವೆ. ಪುಸ್ತಕವನ್ನೂ ಅದೇ ಲೆಕ್ಕಕ್ಕೆ ಸೇರಿಸಿದ್ದಾರಲ್ಲ, ಅದಕ್ಕೆ ನನ್ನ ತಕರಾರು. ದುಡ್ಡು ಕೊಟ್ಟವರ ಫೋನಿಗೆ ಮಾಹಿತಿ ಬಂದರೆ ಆಯಿತು ಅನ್ನುವ ಹಾಗಿದೆ. ಯಂತ್ರದ ಮುಂದೆ ನಿಂತಿರುವವರು ಬೇರೆ ಅಲ್ವಾ?

ಮುದ್ರಿತ ಪುಸ್ತಕ ಕೇಳಿ ಪಡೆದವರು ಇದ್ದೀರಾ? ಕೊಡಲೇಬೇಕು ಅನ್ನುವ ಕಾನೂನು ಇದೆಯಾ? ನೀರಿನ ವಿಷಯ ತಿಳಿದವರೂ ಹೇಳಿ. ಟ್ಯಾಂಕ್ ಬಚ್ಚಲುಮನೆ ಮಾಡಿನ ಪಕ್ಕದ ಕಟ್ಟೆ ಮೇಲಿದೆ, ಬಾವಿ ನೀರು.

ಹಳೇ_ಸ್ಪ್ಯಾನರ್:

ಮೊದಲು ಬಟ್ಟೆ ಒಗೆಯೋಣ, ಜಗಳ ಆಮೇಲೆ. ಸರ್ವಿಸ್ ಕೆಲಸದಲ್ಲೇ ತಲೆ ಹಣ್ಣಾದವನು ನಾನು.

ನಲ್ಲಿ ಮುಚ್ಚಿ. ಮಷೀನ್ ಹಿಂದೆ ನೀರಿನ ಪೈಪ್ ಸೇರುವ ಜಾಗದಲ್ಲಿ ಪ್ಲಾಸ್ಟಿಕ್ ನಟ್ ಇದೆ, ಕೈಯಲ್ಲೇ ತಿರುಗಿಸಿ ಬಿಚ್ಚಿ. ಒಳಗೆ ಚಿಕ್ಕ ಜಾಲರಿ ಕಾಣುತ್ತದೆ. ನಡುವೆ ಹಿಡಿಕೆ ಇರುತ್ತದೆ, ಇಕ್ಕಳದಲ್ಲಿ ಮೆಲ್ಲಗೆ ಎಳೆದರೆ ಬರುತ್ತದೆ. ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತೊಳೆದು ಹಾಗೇ ಕೂರಿಸಿ. ನಿಮ್ಮ ಕಡೆ ಬಾವಿ ನೀರಿನ ಕೆಂಪು ಕೆಸರು ಇದನ್ನು ಬಲುಬೇಗ ಕಟ್ಟಿಸುತ್ತದೆ. ಮಳೆಗಾಲದಲ್ಲಂತೂ ಆಗಾಗ ತೆಗೆಯಬೇಕು. ಮುಂದಿನ ಕೆಳಮೂಲೆಯ ಪುಟ್ಟ ಬಾಗಿಲಿನಲ್ಲಿರುವುದು ಬೇರೆ ಫಿಲ್ಟರ್, ಅದು ಹೊರಹೋಗುವ ನೀರಿನದ್ದು. ಅದನ್ನು ಬಿಚ್ಚುವಾಗ ಅಡಿಗೆ ಅಗಲದ ತಟ್ಟೆ ಇಡಿ, ಇಲ್ಲದಿದ್ದರೆ ನೆಲವೆಲ್ಲ ನೀರು.

ಇನ್ನು ಒತ್ತಡ. ಟ್ಯಾಂಕಿನ ನೀರಿಗೂ ಮಷೀನಿಗೂ 10 ಮೀಟರ್ ಎತ್ತರದ ಅಂತರ ಇದ್ದರೆ ಸುಮಾರು 1 ಬಾರ್. ತುಂಬಾ ಫ್ರಂಟ್ ಲೋಡ್‌ಗಳು ಕಡಿಮೆ ಅಂದರೆ 0.3 ಬಾರ್ ಕೇಳುತ್ತವೆ. ಅಂದರೆ 3 ಮೀಟರ್ ಬೇಕು. ಬಚ್ಚಲ ಪಕ್ಕದ ಕಟ್ಟೆ ಅಷ್ಟು ಎತ್ತರ ಇರಲಾರದು. ನೀರು ಬರುತ್ತದೆ, ಆದರೆ ನಿಧಾನ. ಮಷೀನ್ ಸ್ವಲ್ಪ ಹೊತ್ತು ಕಾಯುತ್ತದೆ, ನೀರೇ ಇಲ್ಲ ಅಂದುಕೊಂಡು ನಿಲ್ಲುತ್ತದೆ. ಟ್ಯಾಂಕ್ ಎತ್ತರಿಸಿ, ಇಲ್ಲವಾದರೆ ಚಿಕ್ಕ ಪ್ರೆಷರ್ ಪಂಪ್ ಹಾಕಿಸಿ. ಸೆಮಿ ಆಟೋಮ್ಯಾಟಿಕ್‌ಗೆ ಈ ರಗಳೆ ಇರಲಿಲ್ಲ, ಬಕೆಟ್ಟಿನಲ್ಲಿ ಸುರಿದರೂ ನಡೆಯುತ್ತಿತ್ತು.

ಒಂದು ಮಾತು. ಹುಡುಗ ಬಿಚ್ಚಿದ ಬೋಲ್ಟ್ ನಿಮ್ಮ ಹತ್ತಿರ ಇದೆಯಾ? ಡ್ರಮ್ ಸ್ಪ್ರಿಂಗಿನ ಮೇಲೆ ತೂಗಾಡುತ್ತಿರುತ್ತದೆ. ಮಷೀನನ್ನು ಗಾಡಿಯಲ್ಲಿ ಸಾಗಿಸಬೇಕಾದರೆ ಆ ಬೋಲ್ಟ್ ಮತ್ತೆ ಹಾಕಲೇಬೇಕು. ಮೊದಲು ಪುಸ್ತಕದ ಆರಂಭದ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಇದನ್ನು ಹಾಕುತ್ತಿದ್ದರು.

ಎರಡನೇ_ಕ್ರಾಸ್:

ಬೈಯಬೇಡಿ, ನಾನು ಸ್ವಲ್ಪ ಆ ಕಡೆ. ಆ ಪುಸ್ತಕಗಳನ್ನು ನಿಜಕ್ಕೂ ಯಾರು ಓದುತ್ತಿದ್ದರು? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾಕ್ಸ್ ಸಮೇತ ರದ್ದಿಗೆ ಹೋಗುತ್ತವೆ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರುವುದಿಲ್ಲ. ಕನ್ನಡ ಅದರಲ್ಲಿ ಯಾವಾಗಲಾದರೂ ಇತ್ತಾ? ನಾನು ನೋಡಿದ್ದು ಇಂಗ್ಲಿಷ್, ಹಿಂದಿ, ಅಷ್ಟೇ. ಪಿಡಿಎಫ್ ಆದರೆ ಪದ ಹುಡುಕಬಹುದು, ತಪ್ಪಿದ್ದರೆ ತಿದ್ದಬಹುದು, ಕಳೆದುಹೋಗುವುದಿಲ್ಲ.

ಚಾರ್ಜರ್ ವಿಷಯವೂ ಹಾಗೇ. 2020ರ ಅಕ್ಟೋಬರಿನಲ್ಲಿ ಐಫೋನ್ 12 ಜೊತೆ ಆ್ಯಪಲ್ ಚಾರ್ಜರ್, ಇಯರ್‌ಫೋನ್ ಎರಡನ್ನೂ ತೆಗೆಯಿತು. ಬಾಕ್ಸ್ ಚಿಕ್ಕದಾಗಿ ಸಾಗಣೆಯ ಒಂದು ಪ್ಯಾಲೆಟ್ಟಿನಲ್ಲಿ 70% ಜಾಸ್ತಿ ಬಾಕ್ಸ್ ಕೂರುತ್ತವೆ ಅಂತ ಲೆಕ್ಕ ಕೊಟ್ಟರು. ಎಲ್ಲರೂ ನಕ್ಕರು. 2021ರ ಆರಂಭದಲ್ಲಿ ಗ್ಯಾಲಕ್ಸಿ ಎಸ್21 ಬಂದಾಗ ಸ್ಯಾಮ್‌ಸಂಗ್ ಕೂಡ ಅದನ್ನೇ ಮಾಡಿತು. ನನ್ನ ಡ್ರಾಯರ್ ತುಂಬಾ ಹಳೇ ಚಾರ್ಜರ್. ಇನ್ನೊಂದು ಯಾಕೆ?

ಹೊಳೆಬದಿ_ಮನೆ:

@ಎರಡನೇ_ಕ್ರಾಸ್ ಬೈಯುವುದಿಲ್ಲ, ಆದರೆ ಬಿಡುವುದೂ ಇಲ್ಲ. ನಿಮ್ಮ ಡ್ರಾಯರಿನಲ್ಲಿ ಚಾರ್ಜರ್ ಉಳಿಯುತ್ತದೆ. ನಮ್ಮಲ್ಲಿ ಹೊಸ ಫೋನ್ ಬಂದರೆ ಹಳೆಯದು ತಮ್ಮನಿಗೋ ಅಮ್ಮನಿಗೋ ಹೋಗುತ್ತದೆ, ಚಾರ್ಜರ್ ಸಮೇತ. ನೀವು ಹೇಳಿದ ಐಫೋನನ್ನೇ ನೋಡಿ. ಬಾಕ್ಸಿನಲ್ಲಿ ಕೊಟ್ಟ ಕೇಬಲ್ಲಿನ ಒಂದು ತುದಿ ಟೈಪ್ ಸಿ. ಹಳೇ ಐಫೋನ್ ಚಾರ್ಜರ್‌ಗಳಲ್ಲಿ ಬಹುಪಾಲು ಅಗಲ ಯುಎಸ್‌ಬಿಯವು. ಆ ಕೇಬಲ್ ಅದಕ್ಕೆ ಕೂರುವುದೇ ಇಲ್ಲ! ಚಾರ್ಜರ್ ನಿಮ್ಮ ಹತ್ತಿರ ಇದೆ ಅಂತ ಹೇಳಿ, ಅದಕ್ಕೆ ಹೊಂದದ ಕೇಬಲ್ ಕೊಟ್ಟರು.

ಕನ್ನಡ ಇರಲಿಲ್ಲ ಅನ್ನುವುದು ನಿಜ. ಅದನ್ನು ಸೇರಿಸಿ ಅಂತ ಕೇಳುವ ಮೊದಲೇ ಪುಸ್ತಕವನ್ನೇ ಎತ್ತಿಬಿಟ್ಟರು. ಇನ್ನು ಕಳೆದುಹೋಗುವುದಿಲ್ಲ ಅಂದಿರಲ್ಲ, ಮಾಡೆಲ್ ನಿಂತ ಮೇಲೆ ಆ ಲಿಂಕ್ ಎಷ್ಟು ವರ್ಷ ಇರುತ್ತದೆ? ಹಳೇ ಮಷೀನಿನ ಪುಸ್ತಕ ಈಗಲೂ ಟ್ರಂಕಿನಲ್ಲಿದೆ. ಅದರ ಹೆಸರು ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿದೆ, ಇಲ್ಲ.

@ಹಳೇ_ಸ್ಪ್ಯಾನರ್ ಜಾಲರಿ ಇವತ್ತು ಸಂಜೆ ನೋಡುತ್ತೇನೆ. ಬೋಲ್ಟ್ ನಮಗೆ ಕೊಟ್ಟಿಲ್ಲ.

ಘಾಟಿ_ಡ್ರೈವರ್:

ಪುಸ್ತಕಕ್ಕೆ ಇಷ್ಟು ಬೇಜಾರಾದರೆ ಸ್ಟೆಪ್ನಿ ಕಥೆ ಕೇಳಿ. ನಮ್ಮಪ್ಪನ ಬಜಾಜ್ ಚೇತಕ್ ಸ್ಕೂಟರಿಗೇ ಸ್ಟೆಪ್ನಿ ಇತ್ತು. ಮುಂದಿನ ಹಿಂದಿನ ಚಕ್ರ ಒಂದೇ ಅಳತೆ, ಯಾವುದಕ್ಕೆ ಬೇಕಾದರೂ ಹಾಕಬಹುದಿತ್ತು. ಈಗ ಕಾರಿಗೇ ಕೊಡಬೇಕಾಗಿಲ್ಲ. 2020ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಡ್ರೈವರ್ ಸೇರಿ 9 ಸೀಟಿನವರೆಗಿನ, 3.5 ಟನ್ ಮೀರದ ಗಾಡಿಗೆ ಟ್ಯೂಬ್‌ಲೆಸ್ ಟೈರು, ಗಾಳಿ ಕಡಿಮೆಯಾದರೆ ಹೇಳುವ ವ್ಯವಸ್ಥೆ, ಪಂಕ್ಚರ್ ಕಿಟ್ ಇದ್ದರೆ ಸಾಕು. ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿ.

ಮೊಳೆ ಚುಚ್ಚಿದರೆ ಕಿಟ್ ಸಾಕು, ಒಪ್ಪಿದೆ. ಟೈರಿನ ಪಕ್ಕೆ ಕಲ್ಲಿಗೆ ತಾಗಿ ಸೀಳಿದರೆ? ಆಗುಂಬೆ ತಿರುವಿನಲ್ಲಿ ಮಳೆ ಸುರಿಯುವಾಗ ಆ ಬಾಟಲಿ ಅಂಟಿನಿಂದ ಏನೂ ಆಗುವುದಿಲ್ಲ.

ಇನ್ನೊಂದು. ಬೈಕ್, ಸ್ಕೂಟರ್ ಕೊಳ್ಳುವಾಗ ತಯಾರಕರೇ ಹೆಲ್ಮೆಟ್ ಕೊಡಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲಿದೆ. ನಾನು ಕೇಳಿದ ಷೋರೂಮಿನಲ್ಲಿ ಅದನ್ನು ಆ್ಯಕ್ಸೆಸರೀಸ್ ಬಿಲ್ಲಿಗೆ ಸೇರಿಸಿದ್ದರು. ನಿಯಮ ತೋರಿಸಿದ ಮೇಲೆ ಸುಮ್ನೆ ತೆಗೆದರು. ಎಲೆಕ್ಟ್ರಿಕ್ ಸ್ಕೂಟರ್ ನೆನಪಿದೆಯಾ? ಸಬ್ಸಿಡಿಗೆ ಇದ್ದ ಬೆಲೆ ಮಿತಿಯೊಳಗೆ ಗಾಡಿ ಕೂರಿಸಲು ಚಾರ್ಜರನ್ನೇ ಬೇರೆ ಸಾಮಾನು ಅಂತ ಮಾರಿದರು. ಸರ್ಕಾರ ತಗಾದೆ ತೆಗೆದ ಮೇಲೆ 2023ರಲ್ಲಿ ಹಲವು ಕಂಪನಿಗಳು ಆ ದುಡ್ಡು ವಾಪಸ್ ಕೊಡಲು ಒಪ್ಪಿದವು. ಕೇಳಿದರೆ ಸಿಗುತ್ತದೆ ಸ್ವಾಮಿ, ಕೇಳಬೇಕು ಅಷ್ಟೇ.

ಕರಿ_ಕೋಟು:

ಕಾನೂನಿನ ಪ್ರಶ್ನೆಗೆ ಯಾರೂ ಕೈಹಾಕಿಲ್ಲ, ನಾನು ಹಾಕುತ್ತೇನೆ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 84 ನೋಡಿ. ಸರಿಯಾಗಿ ಬಳಸುವ ಸೂಚನೆ, ತಪ್ಪಾಗಿ ಬಳಸದಂತೆ ಎಚ್ಚರಿಕೆ ಸಾಕಷ್ಟು ಇಲ್ಲದೆ ಹಾನಿಯಾದರೆ ತಯಾರಕರು ಹೊಣೆ. ಆದರೆ ಆ ಸೂಚನೆ ಕಾಗದದ ಮೇಲೇ ಇರಬೇಕು ಅಂತ ಅಲ್ಲಿ ಇಲ್ಲ. ಹಾನಿ ಅಂದರೂ ಮೈಕೈಗೆ, ಬೇರೆ ಆಸ್ತಿಗೆ ಆದದ್ದು. ಆ ವಸ್ತುವೇ ಕೆಟ್ಟರೆ ಲೆಕ್ಕಕ್ಕಿಲ್ಲ. ಬಟ್ಟೆ ಒಗೆಯದೆ ಉಳಿದದ್ದಕ್ಕೆ ಈ ಸೆಕ್ಷನ್ ಹಿಡಿದು ಹೋಗಲಾಗುವುದಿಲ್ಲ.

ಬಾಕ್ಸ್ ಮೇಲಿನ ವಿವರಕ್ಕೆ ಬೇರೆ ನಿಯಮ ಇದೆ. 2022ರ ಜುಲೈಯಲ್ಲಿ ಎಲೆಕ್ಟ್ರಾನಿಕ್ ಸಾಮಾನಿಗೆ ಕೆಲವು ವಿವರಗಳನ್ನು ಕ್ಯೂಆರ್ ಒಳಗೆ ಹಾಕಲು ಒಂದು ವರ್ಷದ ಮಟ್ಟಿಗೆ ಬಿಟ್ಟರು. ಆಗಲೂ ಗ್ರಾಹಕ ಸೇವೆಯ ಫೋನ್ ನಂಬರ್, ಇಮೇಲ್ ಬಾಕ್ಸ್ ಮೇಲೆ ಅಚ್ಚಾಗಿರಲೇಬೇಕಿತ್ತು. ಹಾಗಾಗಿ ನಿಮ್ಮ ಬಾಕ್ಸ್ ಎಸೆಯಬೇಡಿ. ಆ ಇಮೇಲಿಗೆ ಬರೆಯಿರಿ. ಮಾಡೆಲ್, ಸೀರಿಯಲ್ ನಂಬರ್, ಬಿಲ್ ತಾರೀಖು ಹಾಕಿ, ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಬಳಸುವವರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ, ಮುದ್ರಿತ ಪ್ರತಿ ಕಳಿಸಿ ಅಂತ ಎರಡೇ ಸಾಲು. ಬೋಲ್ಟನ್ನೂ ಅದರಲ್ಲೇ ಕೇಳಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಲ್ಯಾಂಡ್‌ಲೈನಿನಿಂದಲೂ ಮಾಡಿ ನೋಡಿ.

ಯುರೋಪಿನಲ್ಲಿ ಇದಕ್ಕೆ ಸ್ವಲ್ಪ ಮರ್ಯಾದೆಯ ದಾರಿ ಮಾಡಿದ್ದಾರೆ. ಅಲ್ಲಿ 2027ರ ಜನವರಿಯಿಂದ ಜಾರಿಗೆ ಬರುವ ಯಂತ್ರಗಳ ನಿಯಮ ಡಿಜಿಟಲ್ ಸೂಚನೆಗೆ ಒಪ್ಪುತ್ತದೆ. ಆದರೆ ಕೊಳ್ಳುವಾಗ ಕೇಳಿದರೆ ಕಾಗದದ ಪ್ರತಿ ಪುಕ್ಕಟೆ ಕೊಡಬೇಕು, ಆನ್‌ಲೈನ್ ಪ್ರತಿ ಕನಿಷ್ಠ 10 ವರ್ಷ ಸಿಗುತ್ತಿರಬೇಕು. ಅದು ಚೈನ್ ಗರಗಸದಂಥ ಯಂತ್ರಗಳಿಗೆ, ಮನೆಯ ವಾಷಿಂಗ್ ಮಷೀನಿಗಲ್ಲ. ಆದರೂ ನೀವು ಕೇಳುತ್ತಿರುವುದು ಅತಿಯಾಸೆ ಅಲ್ಲ ಅಂತ ತೋರಿಸಲು ಸಾಕು. @ಎರಡನೇ_ಕ್ರಾಸ್ ಅವರ ಐಫೋನಿಗೂ ಒಂದು ಸೇರಿಸುತ್ತೇನೆ. ಎಲ್ಲ ಕಡೆ ಇಯರ್‌ಫೋನ್ ತೆಗೆದ ಮೇಲೂ ಫ್ರಾನ್ಸಿನಲ್ಲಿ ಕೊಡುತ್ತಿದ್ದರು, ಯಾಕೆಂದರೆ ಅಲ್ಲಿ ಕಾನೂನಿತ್ತು. 2022ರಲ್ಲಿ ಆ ಕಾನೂನು ಬದಲಾಯಿತು, ಅಲ್ಲೂ ನಿಂತಿತು. ಚಾರ್ಜರ್ ಇಲ್ಲದ್ದಕ್ಕೆ ಬ್ರೆಜಿಲ್ ದಂಡವನ್ನೇ ಹಾಕಿತು.

ಹೊಳೆಬದಿ_ಮನೆ:

ಜಾಲರಿ ತೆಗೆದೆವು. ತುಂಬಾ ಕೆಂಪು ಕೆಸರು, ಮಧ್ಯೆ ಒಂದು ಪುಟ್ಟ ಬಸವನ ಹುಳ. ಈಗ ನೀರು ಬರುತ್ತಿದೆ. ಆದರೆ ಟ್ಯಾಂಕ್ ಅರ್ಧ ಖಾಲಿಯಾದರೆ ಮತ್ತೆ ಅದೇ ಅಕ್ಷರ, ಹಾಗಾಗಿ ಎತ್ತರಿಸುವುದು ತಪ್ಪಿದ್ದಲ್ಲ. ಇಮೇಲ್ ಕಳಿಸಿದ್ದೇನೆ. ತಕ್ಷಣ ಯಂತ್ರದ ಉತ್ತರ ಬಂತು, ಅದರಲ್ಲಿ ಅದೇ ಲಿಂಕ್. ಸೋಮವಾರ 1915ಕ್ಕೆ ಮಾಡುತ್ತೇನೆ.

ಅಲ್ಲಿವರೆಗೆ ಪಿಡಿಎಫ್‌ನ ಬೇಕಾದ ಪುಟಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದೆ. ಅತ್ತೆ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಾರೆ. ಚೊಗರಿನ ಬಟ್ಟೆಗೆ ಯಾವ ಪ್ರೋಗ್ರಾಂ ಅಂತ ಕೇಳಿದರು. ಅದು ಆ ಪಿಡಿಎಫ್‌ನಲ್ಲಿ ಎಲ್ಲೂ ಇಲ್ಲ. ಯಾರಿಗಾದರೂ ಗೊತ್ತಾ?

ಹಳೇ_ಸ್ಪ್ಯಾನರ್:

ಚೊಗರು ಯಾವ ಪ್ರೋಗ್ರಾಮಿಗೂ ಬಗ್ಗುವುದಿಲ್ಲ. ಸುಗ್ಗಿ ಮುಗಿಯುವವರೆಗೆ ಆ ಬಟ್ಟೆ ಕಲ್ಲಿಗೇ ಬಿಡಿ. ಬೋಲ್ಟ್ ಕಂಪನಿಯವರು ಕೊಡದಿದ್ದರೆ ಮಾಡೆಲ್ ನಂಬರ್ ಇಲ್ಲಿ ಹಾಕಿ. ಹಳೇ ಮಷೀನ್ ಒಡೆಯುವವರ ಹತ್ತಿರ ಡಬ್ಬಿಗಟ್ಟಲೆ ಇರುತ್ತವೆ, ಅಳತೆ ನೋಡಿ ಹೇಳುತ್ತೇನೆ.